ನೀಲಿ ತಟ್ಟೆಯ ಆಚೆ ದಡ

ಇಂಗ್ಲೆಂಡಿನ ಕಲಾವಿದ ಪಾಲ್ ಸ್ಕಾಟ್ ಅವರ ತಟ್ಟೆಯನ್ನು ಮೊದಲ ನೋಟಕ್ಕೆ ಯಾರೂ ಅನುಮಾನಿಸುವುದಿಲ್ಲ. ಬಿಳಿ ಪಿಂಗಾಣಿ, ಅಂಚಿನ ಸುತ್ತ ಅಲಂಕಾರ, ನಡುವೆ ಕೋಬಾಲ್ಟ್ ನೀಲಿಯಲ್ಲಿ ನದಿ, ಮರ, ಮೋಡ. ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿಟ್ಟರೆ ಅಲ್ಲೇ ಬೆರೆತುಹೋದೀತು. ಎರಡನೇ ಸಲ ಕಣ್ಣು ಹಾಯಿಸಿದಾಗ ನದಿಯ ಆಚೆ ಅಣುಸ್ಥಾವರದ ಗುಮ್ಮಟಗಳು ಕಾಣುತ್ತವೆ. ‘ನ್ಯೂ ಅಮೆರಿಕನ್ ಸೀನರಿ’ ಸರಣಿಯ ‘ಇಂಡಿಯನ್ ಪಾಯಿಂಟ್’ ಇಂಥ ತಟ್ಟೆ. ಅಮೆರಿಕದ ಹಡ್ಸನ್ ನದಿಯ ದಡದ ಆ ಸ್ಥಾವರ 2021ರಲ್ಲಿ ಮುಚ್ಚಿತು.

ಸ್ಕಾಟ್ ಯಾವುದನ್ನು ಕೆಣಕುತ್ತಿದ್ದಾರೆ ಎಂದು ತಿಳಿಯಲು ಈ ನೀಲಿಯ ಹಿನ್ನೆಲೆ ಗೊತ್ತಿರಬೇಕು. 1780ರ ದಶಕದಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕುಂಬಾರ ಜೋಸೈಯಾ ಸ್ಪೋಡ್ ಮೆರುಗಿನ ಅಡಿಯಲ್ಲಿ ನೀಲಿ ಚಿತ್ರ ಅಚ್ಚುಹಾಕುವ ವಿಧಾನವನ್ನು ಹದಕ್ಕೆ ತಂದ. ತಾಮ್ರದ ಹಲಗೆಯಲ್ಲಿ ಕೆತ್ತಿದ ಚಿತ್ರಕ್ಕೆ ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಒಮ್ಮೆ ಸುಟ್ಟ ತಟ್ಟೆಯ ಮೇಲೆ ಆ ಕಾಗದವನ್ನು ಒತ್ತಿ ಉಜ್ಜುತ್ತಿದ್ದರು; ಕಾಗದ ತೊಳೆದು ತೆಗೆದು, ಮೆರುಗು ಬಳಿದು ಮತ್ತೆ ಸುಡುತ್ತಿದ್ದರು. ಹಳೆಯ ತಟ್ಟೆಯ ಅಂಚನ್ನು ಸುತ್ತ ತಿರುಗಿಸಿ ನೋಡಿದರೆ ಕಾಗದದ ಎರಡು ತುದಿ ಸೇರಿದ ಕಡೆ ಬಳ್ಳಿಯೋ ಚಿಪ್ಪೋ ಅರ್ಧಕ್ಕೇ ತುಂಡಾಗಿರುತ್ತದೆ. ಅವಸರದ ಕೆಲಸ, ಅಗ್ಗದ ಮಾಲು. ಹಾಗಾಗಿಯೇ ಅದು ಲೋಕವೆಲ್ಲ ಹರಡಿತು.

ಅದರ ಜೊತೆ ಒಂದು ನೋಟವೂ ಹರಡಿತು. ವಿಲಿಯಂ ಗೈ ವಾಲ್ 1820ರ ಸುಮಾರಿಗೆ ಬಿಡಿಸಿದ ಹಡ್ಸನ್ ನದಿಯ ಚಿತ್ರಗಳು ಸ್ಟಾಫರ್ಡ್‌ಶೈರಿನಲ್ಲಿ ತಟ್ಟೆಗಳಾಗಿ ಅಮೆರಿಕಕ್ಕೇ ಹಿಂದಿರುಗಿದವು. ಚಿತ್ರಕಾರರಾದ ಡೇನಿಯಲ್ ಬಂಧುಗಳು ಬರೆದ ಭಾರತದ ದೃಶ್ಯಗಳೂ ಇಂಗ್ಲಿಷರ ಊಟದ ಮೇಜಿಗೆ ಬಂದವು. ಸ್ಪೋಡ್ ಕಾರ್ಖಾನೆಯಂತೂ ‘ಇಂಡಿಯನ್ ಸ್ಪೋರ್ಟಿಂಗ್’ ಎಂಬ ಸರಣಿಯಲ್ಲಿ ನಮ್ಮ ಕಾಡಿನ ಬೇಟೆಯನ್ನೇ ಬಡಿಸಿತು. ಇವೆಲ್ಲವುಗಳಲ್ಲಿ ನೋಡುವವನು ತುಸು ದೂರದಲ್ಲಿ, ಸುರಕ್ಷಿತವಾಗಿ ನಿಂತಿರುತ್ತಾನೆ. ಎದುರಿಗಿರುವುದು ಸುಂದರವಾಗಿರುವುದು ಅವನ ಅನುಕೂಲಕ್ಕೆ.

ಸ್ಕಾಟ್ ಇದೇ ವ್ಯಾಕರಣದಲ್ಲಿ ಮಾತಾಡುತ್ತಾರೆ. ಫೋಟೊ ಮತ್ತು ಹಳೆಯ ಕೆತ್ತನೆಗಳನ್ನು ಬೆರೆಸಿ, ಸ್ಕ್ರೀನ್ ಪ್ರಿಂಟ್ ಮಾಡಿದ ಅಚ್ಚುಗಳನ್ನು ಎಷ್ಟೋ ಸಲ ಹಳೆಯ ತಟ್ಟೆಗಳ ಮೇಲೆಯೇ ಕೂರಿಸಿ ಸುಡುತ್ತಾರೆ. ಒಂದೇ ಬಣ್ಣದ ಈ ಕಲೆಯಲ್ಲಿ ಗೆರೆ, ಚುಕ್ಕಿ ಒತ್ತಾದರೆ ಹತ್ತಿರ, ತೆಳುವಾದರೆ ದೂರ. ಫೋಟೊದ ಕಾಂಕ್ರೀಟಿಗೂ ಈ ಲೆಕ್ಕವೇ ಅನ್ವಯವಾಗುವುದರಿಂದ ಗುಮ್ಮಟ ಮರಗಳಷ್ಟೇ ಸಹಜವಾಗಿ ಕಾಣುತ್ತದೆ. ಕೈಚಳಕ ಮೆಚ್ಚುವಂಥದ್ದೇ. ನನ್ನ ತಕರಾರೂ ಇಲ್ಲೇ ಇದೆ. ನಾವು ಇನ್ನೂ ಈಚೆ ದಡದಲ್ಲೇ ನಿಂತಿದ್ದೇವೆ. ದೃಶ್ಯದೊಳಗಿನ ವಸ್ತು ಬದಲಾಯಿತೇ ಹೊರತು ನೋಡುವವನ ಜಾಗ ಕದಲಲಿಲ್ಲ. ಅಣುಸ್ಥಾವರ, ಅನಿಲ ಬಾವಿ, ಬಡವಾದ ನಗರ ಎಂದು ಸರಣಿ ಬೆಳೆದಂತೆ ಸೂತ್ರ ಬಾಯಿಪಾಠವಾಗುತ್ತದೆ. ಮೂರನೇ ತಟ್ಟೆಯ ಹೊತ್ತಿಗೆ ಕಣ್ಣು ತಾನಾಗಿಯೇ ಚಿಮಣಿ ಹುಡುಕತೊಡಗುತ್ತದೆ.

ನೋಡುವವನ ಆ ಜಾಗವನ್ನೇ ಅಲುಗಾಡಿಸಿದವರು ಇನ್ನೊಬ್ಬ ಕಲಾವಿದ ರಾಬರ್ಟ್ ಡಾಸನ್. 1996ರ ‘ಇನ್ ಪರ್ಸ್ಪೆಕ್ಟಿವ್ ವಿಲೋ’ದಲ್ಲಿ ಅವರು ಹೊಸ ವಸ್ತು ಏನನ್ನೂ ಸೇರಿಸಲಿಲ್ಲ. ಚೀನೀ ದೃಶ್ಯದಂತೆ ಕಾಣುವ, ಇಂಗ್ಲೆಂಡಿನಲ್ಲಿ ಎಲ್ಲರಿಗೂ ಪರಿಚಿತವಾದ ವಿಲೋ ವಿನ್ಯಾಸವನ್ನು, ಓರೆಯಿಂದ ನೋಡಿದ ತಟ್ಟೆಯಲ್ಲಿ ಕಾಣುವಂತೆ ಕುಗ್ಗಿಸಿ, ನಿಜವಾದ ತಟ್ಟೆಯ ಮೇಲೆ ಅಚ್ಚು ಹಾಕಿದರು. ಮೂಲ ವಿಲೋದಲ್ಲಿ ಮನೆ, ಸೇತುವೆ, ದೋಣಿ ಒಂದರ ಮೇಲೊಂದು ತೇಲುತ್ತವೆ. ದೂರದ್ದು ಚಿಕ್ಕದಾಗಬೇಕೆಂಬ ಯುರೋಪಿನ ನಿಯಮ ಅಲ್ಲಿ ಹೆಚ್ಚು ನಡೆಯುವುದಿಲ್ಲ. ಆ ನಿಯಮವನ್ನು ಡಾಸನ್ ಇಡೀ ವಿನ್ಯಾಸಕ್ಕೇ ಹೇರಿದಾಗ ಎದುರಿಗೆ ನೇರ ನಿಂತರೂ ನಾವು ಎಲ್ಲೋ ಪಕ್ಕಕ್ಕೆ ಸರಿದ ಹಾಗೆನಿಸುತ್ತದೆ. ಆದರೆ ಆ ತಟ್ಟೆಗೆ ಲೋಕದ ಗೊಡವೆ ಇಲ್ಲ. ಕಣ್ಣಿಗೆ ಕೊಟ್ಟ ಚುರುಕು ಅಲ್ಲೇ ಮುಗಿಯುತ್ತದೆ.

ಸ್ಕಾಟ್ ಅವರ ಅತ್ಯುತ್ತಮ ಕೃತಿ ಎಂದು ನಾನು ಆರಿಸುವುದು ಅಮೆರಿಕದ ತಟ್ಟೆಗಳನ್ನಲ್ಲ, 2007ರ ‘ಕಾಕಲ್ ಪಿಕರ್ಸ್ ವಿಲೋ ಪ್ಯಾಟರ್ನ್’ ಟೀ ಸೆಟ್ಟನ್ನು. ಅದರ ಹಿಂದೆ ಒಂದು ದುರಂತವಿದೆ. ಸ್ಕಾಟ್ ನೆಲೆಸಿದ್ದ ಕಂಬ್ರಿಯಕ್ಕೆ ತಾಗಿದ ಮೋರ್ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರುವರಿಯ ಒಂದು ರಾತ್ರಿ, ನಮ್ಮ ಕರಾವಳಿಯವರು ಬಳಚು ಆಯುವಂತೆ ಮರಳಿನಲ್ಲಿ ಕಾಕಲ್ ಎಂಬ ಚಿಪ್ಪು ಹೆಕ್ಕುತ್ತಿದ್ದ ಕನಿಷ್ಠ 21 ಚೀನೀ ಕೂಲಿಕಾರರು ಭರತಕ್ಕೆ ಸಿಕ್ಕಿ ಸತ್ತರು. ವಿಲೋ ವಿನ್ಯಾಸದ ಚೀನಾ ಇಂಗ್ಲೆಂಡು ಹೆಣೆದ ಚೀನಾ. ಅದಕ್ಕೆ ಅಂಟಿಕೊಂಡ, ಓಡಿಹೋದ ಪ್ರೇಮಿಗಳ ಕತೆಯೂ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ಎರಡು ಶತಮಾನ ಈ ಕಲ್ಪನೆಯ ಚೀನೀಯರೊಂದಿಗೆ ಚಹಾ ಕುಡಿದ ದೇಶದ ದಡದಲ್ಲೇ ನಿಜವಾದ ಚೀನೀಯರು ಮುಳುಗಿದರು. ಅಣುಸ್ಥಾವರದ ತಟ್ಟೆಯ ಮುಂದೆ ನಾವು ಪ್ರೇಕ್ಷಕರಾಗಿ ಉಳಿಯಬಹುದು. ಟೀ ಸೆಟ್ಟಿನ ಮುಂದೆ ಆ ಸೌಕರ್ಯವಿಲ್ಲ: ಕಪ್ಪನ್ನು ಕೈಯಲ್ಲಿ ಹಿಡಿಯುವುದಕ್ಕೆಂದೇ ಮಾಡುತ್ತಾರೆ, ಚಿಪ್ಪನ್ನು ಯಾರದೋ ಊಟಕ್ಕೆಂದೇ ಹೆಕ್ಕುತ್ತಾರೆ.