ಎರಿ ಹೊಲದಾಗ ಕ್ಯಾಮೆರಾ

ಆಫೀಸಿನ ಟ್ರೆಕ್ಕಿಂಗ್ ಗ್ರೂಪಿನಲ್ಲಿ ಕುಮಾರಪರ್ವತ ಅಂತ ಯಾರೋ ಒಬ್ಬರು ಬರೆದರೆ ಸಾಕು, ಎರಡನೇ ಮೆಸೇಜೇ "ಸಣ್ಣ ಕ್ಯಾಮೆರಾ ಯಾವುದು ತಗೊಳ್ಳಲಿ?" ಅಂತ ಬರುತ್ತದೆ. ಉತ್ತರಗಳೂ ಗೊತ್ತಿರುವವೇ. ಇಷ್ಟು ಮೆಗಾಪಿಕ್ಸೆಲ್, ಇಷ್ಟು ಪಟ್ಟು ಝೂಮ್, ಇಷ್ಟು ರಿಯಾಯಿತಿ. ಎಲ್ಲಿ ನಡೀತೀರಿ, ಯಾವ ಹೊತ್ತಿನಲ್ಲಿ ನಡೀತೀರಿ ಅಂತ ಒಬ್ಬರೂ ಕೇಳೋದಿಲ್ಲ. ನನ್ನ ತಕರಾರು ಇರೋದು ಇಲ್ಲೇ.

ನಾನು ಗೊಳಸಂಗಿ ಕಡೆಯವನು. ನಮ್ಮಲ್ಲಿ ಬೆಟ್ಟ ಇಲ್ಲ. ನಡೆಯೋದು ಅಂದರೆ ಜೋಳದ ಹೊಲದ ಬದುವಿನ ಮೇಲೆ, ಇಲ್ಲಾ ಆಲಮಟ್ಟಿ ಹಿನ್ನೀರಿನ ದಂಡೆಗುಂಟ. ಬ್ಯಾಸಿಗ್ಯಾಗ ನೀರು ಹಿಂದಕ್ಕೆ ಸರಿದಾಗ ಮುಳುಗಿದ ಊರಿನ ಗೋಡೆಗಳ ಬುಡ ಕಾಣಿಸುತ್ತದೆ. ಹಂಗ ಒಂದು ಮೇ ತಿಂಗಳು ನಮ್ಮ ಆಯಿ ತನ್ನ ತವರುಮನೆ ಇದ್ದ ಜಾಗಕ್ಕೆ ಕರೆದುಕೊಂಡು ಹೋಗಿದ್ದಳು. ಕಲ್ಲಿನ ಸಾಲೊಂದನ್ನು ತೋರಿಸಿ "ಇದ ನೋಡ, ನಮ್ಮ ಪಡಸಾಲಿ" ಅಂದಳು. ನಾನು ಹೊಸ ಕ್ಯಾಮೆರಾ ಕಿಸೆಯಿಂದ ತೆಗೆದು ಗುಂಡಿ ಒತ್ತಿದೆ. ಲೆನ್ಸ್ ಕಿರಗುಟ್ಟಿ ಅರ್ಧಕ್ಕೆ ನಿಂತಿತು. ಎರಿಮಣ್ಣಿನ ಧೂಳು ಒಳಗೆ ಹೊಕ್ಕಿತ್ತು. "ಬಿಡೋ ತಮ್ಮಾ, ಬರೂ ಬ್ಯಾಸಿಗ್ಯಾಗ ತಗದ್ರಾತು" ಅಂದಳು ಆಯಿ. ಮುಂದಿನ ಬ್ಯಾಸಿಗಿಗೆ ಆಕೆ ಇರಲಿಲ್ಲ.

ಆ ಕ್ಯಾಮೆರಾಕ್ಕೆ ವಿಮರ್ಶಕರು ಒಳ್ಳೆಯ ಅಂಕ ಕೊಟ್ಟಿದ್ದರು. ಅವರ ಪರೀಕ್ಷೆಯಲ್ಲಿ ಧೂಳು ಇರಲಿಲ್ಲ ಅಷ್ಟೆ.

ಹಾಗಾದರೆ ನೋಡಬೇಕಾದ್ದೇನು? ಮೊದಲನೆಯದು ಸೆನ್ಸರಿನ ಅಳತೆ. ಸಾಮಾನ್ಯ ಸಣ್ಣ ಕ್ಯಾಮೆರಾದ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್‌100ರದ್ದು ಸುಮಾರು 116. ನಾಲ್ಕು ಪಟ್ಟು ದೊಡ್ಡದು, ತೂಕ ಮಾತ್ರ 240 ಗ್ರಾಂ. ಹೊತ್ತು ಮುಳುಗುವಾಗ ಹೊಲದ ಕಪ್ಪು ಬರೀ ಕಪ್ಪಾಗಿ ಕಾಣದೆ ಮಣ್ಣಾಗಿಯೇ ಕಾಣೋದು ಈ ವ್ಯತ್ಯಾಸದಿಂದ. ಮೆಗಾಪಿಕ್ಸೆಲ್‌ನಿಂದ ಅಲ್ಲ.

ಎರಡನೆಯದು ಬಿಸಿಲು. ನಮ್ಮ ಕಡೆ ಮಧ್ಯಾಹ್ನ ಹಿಂದಿನ ಪರದೆಯಲ್ಲಿ ಕಾಣೋದು ನಿಮ್ಮದೇ ಮುಖ. ಕಣ್ಣಿಟ್ಟು ನೋಡುವ ಕಿಂಡಿ ಬೇಕೇ ಬೇಕು. ಮೊದಲ ಆರ್‌ಎಕ್ಸ್‌100ಕ್ಕೆ ಅದಿರಲಿಲ್ಲ. 2014ರ ಮೂರನೇ ಆವೃತ್ತಿಯಲ್ಲಿ ಮೇಲೆದ್ದು ಬರುವ ಕಿಂಡಿ ಕೊಟ್ಟರು, ತೂಕ 290 ಗ್ರಾಂ ಆಯಿತು. ಆ 50 ಗ್ರಾಂ ಹೊತ್ತರೆ ನಷ್ಟವಿಲ್ಲ.

ಮೂರನೆಯದು, ನನಗೆ ದುಬಾರಿಯಾಗಿ ಬಿದ್ದದ್ದು: ಲೆನ್ಸ್ ಹೊರಗೆ ಚಾಚುತ್ತದೋ ಇಲ್ಲವೋ. ಚಾಚಿ ಒಳಸೇರುವ ಲೆನ್ಸ್ ಪ್ರತಿಸಲವೂ ಧೂಳನ್ನು ಒಳಗೆ ಎಳೆದುಕೊಳ್ಳಬಹುದು. ಒಲಿಂಪಸ್ ಟಫ್ ಟಿಜಿ-6ರ ಲೆನ್ಸ್ ಒಳಗೇ ಚಲಿಸುತ್ತದೆ. ಧೂಳು ಹೋಗೋದಿಲ್ಲ, 15 ಮೀಟರ್ ಆಳದ ನೀರೂ ಹೋಗೋದಿಲ್ಲ. ಆದರೆ ಸೆನ್ಸರ್ ಮತ್ತದೇ 28, ಕಿಂಡಿಯೂ ಇಲ್ಲ. ಮಲೆನಾಡಿನ ಮಳೆಗೆ ಹೋಗುವವರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ. ಮಿಕ್ಕವರು ಎರಡು ಸಲ ಯೋಚಿಸಿ.

ಇನ್ನು ಝೂಮ್. ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆ, 30 ಪಟ್ಟು ಝೂಮಿನ ಆಸೆ ಆಗೋದು ಸಹಜ. ಆದರೆ ಕಾದ ನೆಲದ ಮೇಲೆ ಗಾಳಿ ನಡುಗುವಾಗ ದೂರದ ಹಕ್ಕಿ ಎಷ್ಟು ಎಳೆದರೂ ನಡುಗುತ್ತಲೇ ಇರುತ್ತದೆ. ಬೆಳಗಿನ ಜಾವ ಎದ್ದು ಹೋಗೋದು ಝೂಮಿಗಿಂತ ಅಗ್ಗ.

"ಫೋನ್ ಸಾಲದೇ?" ಅಂತೀರಿ. ಅಗಲದ ನೋಟಕ್ಕೆ, ಹಗಲಿಗೆ ಸಾಲುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ದಾರಿ ತೋರಿಸೋದು, ಮನೆಗೆ ಫೋನ್ ಮಾಡೋದು, ಫೋಟೋ ತೆಗೆಯೋದು ಎಲ್ಲಕ್ಕೂ ಒಂದೇ ಬ್ಯಾಟರಿ ಅಂದರೆ, ಅದು ಸತ್ತಾಗ ಎಲ್ಲವೂ ಸತ್ತಂತೆ.

ನಾನೀಗ ಇಟ್ಟುಕೊಂಡಿರೋದು ಕಿಂಡಿ ಇರುವ ಆರ್‌ಎಕ್ಸ್‌100. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಮೇಲೊಂದು ಹಳೇ ಪಂಚೆಯ ತುಂಡು ಸುತ್ತಿ. ಗಾಳಿ ಎದ್ದರೆ ಹೊರಗೆ ತೆಗೆಯೋದಿಲ್ಲ.

ಆಲಮಟ್ಟಿಯ ನೀರಿನ ಮಟ್ಟ ಈಗ 519.6 ಮೀಟರ್. ಅದನ್ನು 524.256ಕ್ಕೆ ಏರಿಸಲು 2010ರಲ್ಲಿ ಎರಡನೇ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಒಪ್ಪಿತು. ನಾಲ್ಕೂವರೆ ಮೀಟರಿಗಿಂತ ಹೆಚ್ಚು. ದಂಡೆಯ ಮೇಲಿರುವ ಸೋದರಮಾವನ ಹೊಲ ಆ ಲೆಕ್ಕದೊಳಗೇ ಬರುತ್ತದೆ. ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಬದುವಿನಿಂದ ಬದುವಿಗೆ ನಡೆದು, ಬೇವಿನ ಗಿಡ, ಬಾವಿ, ಮಾವ, ಎಲ್ಲ ತೆಗೆದುಕೊಂಡು ಬಂದೆ. ಮಾವ ಕೇಳಿದ: "ಇಷ್ಟ್ಯಾಕ ತಗಿತೀಯೋ?"

"ಬ್ಯಾಸಿಗಿ ತನಕಾ ಕಾಯೂದು ಬ್ಯಾಡ ಅಂತ ಮಾವಾ" ಅಂದೆ.