ಸೆರೆಯೂ ವ್ಯಸನವೂ

ನಮ್ಮ ಹುನ್ನೂರ-ಜಮಖಂಡಿ ಸೀಮೆಯ ಆಡುಮಾತಿನಲ್ಲಿ 'ಸೆರೆ' ಎಂದರೆ ಮದ್ಯ. ಗ್ರಂಥಸ್ಥ ಕನ್ನಡದಲ್ಲಿ ಅದೇ ಉಚ್ಚಾರದ ಶಬ್ದಕ್ಕೆ ಬಂಧನವೆಂದು ಅರ್ಥ. ಎರಡರ ಮೂಲವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಭಾಷೆ ಇವೆರಡನ್ನು ಒಂದೇ ಮನೆಯಲ್ಲಿ ಇರಿಸಿದೆ. ಇಂಥದೇ ಇನ್ನೊಂದು ಶಬ್ದ 'ವ್ಯಸನ'. ನೀತಿಗ್ರಂಥಗಳ ಸಪ್ತವ್ಯಸನಗಳಲ್ಲಿ ಅದು ದೋಷ, ದುಶ್ಚಟ. ಸತ್ತವರ ಮನೆಗೆ ಹೋಗಿ 'ಕೇಳಿ ಬಹಳ ವ್ಯಸನವಾಯಿತು' ಎನ್ನುವಾಗ ಅದು ದುಃಖ. ಒಂದರ್ಥ ಬೆರಳು ತೋರಿಸುತ್ತದೆ. ಇನ್ನೊಂದು ಕೈ ಹಿಡಿಯುತ್ತದೆ.

ಮಾದಕ ಪದಾರ್ಥಗಳ ವಿಷಯದಲ್ಲಿ ನಮ್ಮ ಸರಕಾರಗಳ ಧೋರಣೆಯನ್ನು ಈ ಎರಡು ಶಬ್ದಗಳ ಬೆಳಕಿನಲ್ಲಿ ಓದಬೇಕೆಂದು ನನಗೆ ತೋರಿದ್ದು ಒಂದು ಪ್ರಬಂಧಸ್ಪರ್ಧೆಯಿಂದ. ಜೂನ್ 26 ಮಾದಕ ವಸ್ತುಗಳ ವಿರೋಧದ ಅಂತರರಾಷ್ಟ್ರೀಯ ದಿನ. ಕೆಲವು ವರ್ಷಗಳ ಹಿಂದೆ ಆ ದಿನದ ಸ್ಪರ್ಧೆಗೆ ನಾನು ಪರೀಕ್ಷಕನಾಗಿದ್ದೆ. ಬಂದ ಪ್ರಬಂಧಗಳಲ್ಲಿ ಬಹುತೇಕ ಎಲ್ಲವೂ ಸಪ್ತವ್ಯಸನಗಳಿಂದ ಆರಂಭವಾಗಿ ಘೋಷಣೆಯಲ್ಲಿ ಮುಗಿದಿದ್ದವು. ಒಂದು ಮಾತ್ರ ಬೇರೆಯಾಗಿತ್ತು. ನಿತ್ಯ ಕುಡಿಯುತ್ತಿದ್ದ ತಂದೆ ಒಮ್ಮೆ ಆಣೆ ಮಾಡಿ ಬಿಟ್ಟನಂತೆ. ಮೂರನೆಯ ದಿನ ಅವನ ಮೈಯೆಲ್ಲ ನಡುಗಿ, ಇಲ್ಲದವರನ್ನು ಕಂಡಂತೆ ಕೂಗಾಡತೊಡಗಿದಾಗ, ತಾಯಿ ಸೆರಗಿನ ಗಂಟು ಬಿಚ್ಚಿ ಸೆರೆ ತರಿಸಿ ತಾನೇ ಕುಡಿಸಿದಳಂತೆ. 'ನಮ್ಮವ್ವ ಮಾಡಿದ್ದು ತಪ್ಪೋ, ಸರಿಯೋ?' ಎಂದು ಕೇಳಿ ಹುಡುಗ ಬರೆಹ ನಿಲ್ಲಿಸಿದ್ದ. ನಾನು ಕೆಂಪು ಮಸಿಯಲ್ಲಿ 'ವಿಷಯಾಂತರ' ಎಂದು ಬರೆದು, ಘೋಷಣೆ ಕೂಗಿದ ಬೇರೊಂದು ಪ್ರಬಂಧಕ್ಕೆ ಮೊದಲ ಬಹುಮಾನ ಕೊಟ್ಟೆ. ಆ ಎರಡಕ್ಷರದ ಪ್ರಶ್ನೆಗೆ ನಮ್ಮ ಸಾಹಿತ್ಯ ಏನು ಹೇಳುತ್ತದೆ, ನಮ್ಮ ಕಾನೂನು ಏನು ಹೇಳುತ್ತದೆ ಎಂದು ಹುಡುಕಹೊರಟದ್ದು ಆಮೇಲೆ.

ಮೊದಲು ಸಾಹಿತ್ಯ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ಆ ಕಸುಬಿನ ಮಾತುಗಳಲ್ಲಿಯೇ ಅವನು ವಚನ ಹೇಳಿದ. ನೀತಿಗ್ರಂಥ ಹೊರಗಿಟ್ಟವನನ್ನು ಶರಣರ ಸಭೆ ಒಳಗೆ ಕರೆದು ಕೂರಿಸಿತೆಂಬುದು ಸಣ್ಣ ಸಂಗತಿಯಲ್ಲ.

ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದುದರಿಂದ ಮರಾಠಿ ರಂಗಭೂಮಿ ನಮಗೆ ದೂರದ್ದಲ್ಲ. ರಾಮ ಗಣೇಶ ಗಡಕರಿಯವರ 'ಏಕಚ್ ಪ್ಯಾಲಾ' 1919ರಲ್ಲಿ ರಂಗಕ್ಕೆ ಬಂದಿತು. ಸುಧಾಕರನೆಂಬ ವಕೀಲ 'ಒಂದೇ ಬಟ್ಟಲು' ಎಂದು ಆರಂಭಿಸಿ ತಾನೂ ಹಾಳಾಗಿ, ಪತಿವ್ರತೆಯಾದ ಸಿಂಧುವನ್ನೂ ಹಾಳುಮಾಡಿದ ಕಥೆ ಅದು. ಮನೆಯೊಳಗಿನ ದುಃಖವನ್ನು ಅಷ್ಟು ಕಠೋರವಾಗಿ ತೋರಿಸಿದ ನಾಟಕಗಳು ವಿರಳ. ಆದರೂ ಅದರ ತರ್ಕವೆಲ್ಲ ಮೊದಲ ಬಟ್ಟಲಿನ ತರ್ಕ. ಅದನ್ನು ಮುಟ್ಟದವನಿಗೆ ಒಳ್ಳೆಯ ಎಚ್ಚರಿಕೆ. ಸಾವಿರ ಬಟ್ಟಲು ಈಗಾಗಲೇ ಕುಡಿದವನಿಗೆ ಅದು ಹೇಳುವುದು ಸಾವೊಂದನ್ನೇ. ನಮ್ಮ ಪ್ರಬಂಧಸ್ಪರ್ಧೆಗಳೂ ಗೋಡೆಬರಹಗಳೂ ಇಂದಿಗೂ ಈ ಮೊದಲ ಬಟ್ಟಲಿನ ಬಳಿಯಲ್ಲಿಯೇ ನಿಂತಿವೆ.

ಕನ್ನಡದಲ್ಲಿ ಇದಕ್ಕೆ ಎದುರಾಗಿ ನಿಲ್ಲುವವನು ಜಿ. ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನ. ಕನ್ನಡ ಅಧ್ಯಾಪಕರೊಬ್ಬರು ತಮ್ಮ ಶಿಷ್ಟ ಭಾಷೆಯನ್ನು ಬದಿಗಿಟ್ಟು, ಕುಡುಕನ ಬಾಯಲ್ಲಿ ಅವನದೇ ಮಾತನ್ನಿಟ್ಟರು. ದೇವರೇ ಬಂದು ಕೇಳಿದರೆ ಹೆಂಡವನ್ನೂ ಹೆಂಡತಿಯನ್ನೂ ಬಿಟ್ಟೇನು, ಕನ್ನಡ ಪದಗಳನ್ನು ಮಾತ್ರ ಬಿಡೆನೆಂದು ಹಟ ಹಿಡಿಯುವ ಈ ರತ್ನನಿಗೆ ಪ್ರೀತಿಯಿದೆ, ಅಭಿಮಾನವಿದೆ, ಹಾಸ್ಯವಿದೆ. ಅವನು ಮೊದಲು ಮನುಷ್ಯ, ಆಮೇಲೆ ಕುಡುಕ. ಇದು ರಾಜರತ್ನಂ ಅವರ ದೊಡ್ಡ ಸಾಧನೆ. ಆದರೆ ವಿಮರ್ಶಕನು ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ನಂಜಿಯನ್ನು ನಾವು ಕಾಣುವುದು ರತ್ನನ ಕಣ್ಣಿಂದ, ಕೇಳುವುದು ಅವನ ಬಾಯಿಂದ. ಅವಳು ತಾನಾಗಿ ಮಾತನಾಡಿದ್ದರೆ ಪದಗಳ ಧಾಟಿ ಬೇರೆಯಾಗುತ್ತಿತ್ತು.

ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕೃತಿ. ಚೋಮನೂ ಕುಡಿಯುತ್ತಾನೆ. ಕಾರಂತರು ಅವನನ್ನು ಮೆಚ್ಚುವುದಿಲ್ಲ, ಹಳಿಯುವುದೂ ಇಲ್ಲ. ಹೆಂಡದ ಜೊತೆಗೆ ಸಾಲ, ತುಂಡು ನೆಲವೂ ಸಿಗದ ಹಂಬಲ, ಮುಟ್ಟಬಾರದೆಂಬ ಕಟ್ಟಳೆ, ಇವೆಲ್ಲವನ್ನೂ ಒಂದೇ ಗುಡಿಸಲಲ್ಲಿ ಇಟ್ಟು ತೋರಿಸುತ್ತಾರೆ. ಕುಡಿತವೊಂದನ್ನೇ ಎತ್ತಿ ಹೊರಗೆಸೆದರೆ ಚೋಮನು ಸುಖಿಯಾಗುತ್ತಿದ್ದನೆಂದು ಆ ಕಾದಂಬರಿಯನ್ನು ಓದಿದ ಯಾರೂ ಹೇಳಲಾರರು. ವ್ಯಸನದ ಎರಡೂ ಅರ್ಥಗಳು ಕೂಡಿ ನಿಂತದ್ದು ಇಲ್ಲಿ.

ಇನ್ನು ಕಾನೂನು. 1948ರಲ್ಲಿ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷವೇ ಮುಂಬಯಿಯ ಪಾನನಿಷೇಧ ಶಾಸನ ಬಂದಿತು; 1950ರ ಏಪ್ರಿಲಿನಿಂದ ಪ್ರಾಂತದಲ್ಲೆಲ್ಲ ಪೂರ್ಣ ನಿಷೇಧ. ಸಂವಿಧಾನದ 47ನೆಯ ವಿಧಿಯೂ ಇದನ್ನೇ ಆದರ್ಶವೆಂದಿತು. ಆದರೆ ಆ ಕಟ್ಟುನಿಟ್ಟಿನ ಕಾನೂನಿನೊಳಗೂ ಒಂದು ಕಿಂಡಿಯಿತ್ತು. ಮದ್ಯವಿಲ್ಲದೆ ಆರೋಗ್ಯ ಕೆಡುವುದೆಂದು ವೈದ್ಯರು ಬರೆದುಕೊಟ್ಟರೆ ಪರವಾನಿಗೆ ದೊರೆಯುತ್ತಿತ್ತು. ಅಫೀಮಿನ ವಿಷಯದಲ್ಲಿಯೂ ಹೀಗೆಯೇ. ಹತ್ತು ವರ್ಷಗಳಲ್ಲಿ ಅದರ ಚಟವನ್ನು ನಿಲ್ಲಿಸಬೇಕೆಂದು 1949ರಲ್ಲಿ ದೇಶಮಟ್ಟದಲ್ಲಿ ತೀರ್ಮಾನಿಸಿದಾಗ, ಬಿಡಲಾರದವರ ಹೆಸರನ್ನು ಪಟ್ಟಿಮಾಡಿ ಅಳೆದು ಕೊಡುವ ಪದ್ಧತಿಯನ್ನು ಉಳಿಸಿಕೊಂಡರು. ಇಂದು ಪಂಡಿತರು 'ಹಾನಿ ತಗ್ಗಿಸುವಿಕೆ' ಎಂದು ಕರೆಯುವುದು ಇದನ್ನೇ. ಚಟ ಬಿಡಿಸಲಾಗದ ಹೊತ್ತಿನಲ್ಲಿಯೂ ಸಾವನ್ನು, ರೋಗವನ್ನು, ಹಸಿವನ್ನು ತಡೆಯಬಹುದೆಂಬ ತಿಳಿವಳಿಕೆ ಅದು. ದೋಷವಿದ್ದುದು ಹಂಚಿಕೆಯಲ್ಲಿ. ವೈದ್ಯನ ಬಾಗಿಲು ತಟ್ಟಬಲ್ಲವನಿಗೆ ಪರವಾನಿಗೆ. ಹಳ್ಳದ ದಂಡೆಯಲ್ಲಿ ಭಟ್ಟಿ ಇಳಿಸಿದ್ದನ್ನು ಕುಡಿದವನಿಗೆ ಸೆರೆಮನೆ. ಸೆರೆಗೆ ಮದ್ದು ಸೆರೆಯೇ ಆಯಿತು!

1967ರಲ್ಲಿ ಮೈಸೂರು ರಾಜ್ಯದಲ್ಲಿ ನಿಷೇಧ ಹೋಯಿತು. ಮುಂದೆ 2007ರ ಜುಲೈ 1ರಿಂದ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಬಾಟಲಿಯ ಮದ್ಯಕ್ಕೆ ಅಡ್ಡಿಯಿರಲಿಲ್ಲ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು-ಕೋಲಾರದ ಕಡೆಯಲ್ಲಿಯೂ ತಮಿಳುನಾಡಿನ ಗಡಿಯಲ್ಲಿಯೂ ವಿಷಮದ್ಯ ಕುಡಿದು ನೂರಕ್ಕೂ ಮಿಕ್ಕಿ ಜನ ಸತ್ತರು. ಇಂಥ ಮದ್ಯದಲ್ಲಿ ಕೊಲ್ಲುವುದು ಮೆಥನಾಲ್ ಎಂಬ ವಿಷ. ಬೇಗನೆ ಆಸ್ಪತ್ರೆ ಸೇರಿದವನನ್ನು ಉಳಿಸಬಹುದು. ಪೋಲೀಸರ ಭಯದಿಂದ ತಡಮಾಡಿದವನ ಕಣ್ಣು ಹೋಗುತ್ತದೆ, ಆಮೇಲೆ ಪ್ರಾಣ. ಅದಕ್ಕೆ ಕೊಡುವ ಮದ್ದುಗಳಲ್ಲಿ ಒಂದು ಶುದ್ಧ ಮದ್ಯಸಾರವೇ ಎಂಬುದನ್ನು ಕೇಳಿದಾಗ ನನಗೆ ಆ ಹುಡುಗನ ತಾಯಿ ನೆನಪಾದಳು.

ಗಾಂಜಾ, ಅಫೀಮು, ಹೆರಾಯಿನ್ ಮೊದಲಾದವುಗಳಿಗೆ 1985ರ ಕೇಂದ್ರ ಕಾಯಿದೆಯಿದೆ. ಅದು ಮಾರುವವನನ್ನಷ್ಟೇ ಅಲ್ಲ, ಸೇವಿಸಿದವನನ್ನೂ ಅಪರಾಧಿಯೆನ್ನುತ್ತದೆ. ಆದರೆ ಅದರ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಸೂಜಿಯಿಂದ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ, ನಾಲಗೆಯ ಕೆಳಗಿಡುವ ಬದಲಿ ಗುಳಿಗೆ, ಇವನ್ನು ಏಡ್ಸ್ ತಡೆಯಲೆಂದು ಸರಕಾರವೇ ಕೊಡಿಸುತ್ತದೆ. ಎಡಗೈ ಕೊಟ್ಟದ್ದು ಬಲಗೈಗೆ ಗೊತ್ತಿಲ್ಲ. ಅಪರಾಧದ ಕಲಮು ಹಳ್ಳಿಹಳ್ಳಿಗೂ ತಿಳಿದಿದೆ. ಆಶ್ರಯದ ಕಲಮನ್ನು ಯಾವ ಗೋಡೆಯ ಮೇಲೂ ನಾನು ಓದಿಲ್ಲ.

ಹಾಗಾದರೆ ನಿಷೇಧ ಬೇಡವೇ? ಇಲ್ಲಿ ನಂಜಿಗೆ ಮಾತನಾಡಲು ಬಿಡಬೇಕು. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಂಗಸರು ಮದ್ಯ ನಿಷೇಧಿಸಿರೆಂದು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅವರಿಗೆ ತಿಳಿವಳಿಕೆಯಿಲ್ಲವೆಂದು ಪೇಟೆಯ ಪಂಡಿತರು ನಕ್ಕರೆ ಅದು ಅವಿವೇಕ. ಹಾನಿಯ ಲೆಕ್ಕದಲ್ಲಿ ಕುಡಿದವನ ಯಕೃತ್ತನ್ನು ಮಾತ್ರ ಸೇರಿಸಿ ಅವಳ ಬೆನ್ನಿನ ಬಾಸುಂಡೆಯನ್ನು ಬಿಟ್ಟರೆ, ಆ ಲೆಕ್ಕ ರತ್ನನ ಪದದಷ್ಟೇ ಅರ್ಧದ್ದು. ಸರಕಾರದ ಬಾಯಲ್ಲಿ ಸಂಯಮದ ಮಾತು ಶೋಭಿಸುವುದೂ ಇಲ್ಲ. 2023-24ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 36,000 ಕೋಟಿ ರೂಪಾಯಿ ಬರಬೇಕೆಂದು ಗುರಿಯಿಟ್ಟಿದ್ದರು. ನಮ್ಮ ಹೊಲಗಳ ಕಬ್ಬು ಕಾರಖಾನೆಗೆ ಹೋಗಿ, ಅದರ ಕಾಕಂಬಿ ಮದ್ಯಸಾರವಾಗಿ, ಬಾಟಲಿಯಾಗಿ, ಕಬ್ಬು ಕಡಿದವನ ಕೂಲಿಯನ್ನು ಮರಳಿ ಎಳೆದುಕೊಂಡು ಹೋಗುತ್ತದೆ. ಗಾಣ ತಿರುಗಿದಂತೆ ಇದೂ ತಿರುಗುತ್ತದೆ.

ನನಗೆ ತೋರುವ ಮಾತು ಇಷ್ಟೇ. ನಿಷೇಧವಿರಲಿ, ಪರವಾನಿಗೆಯಿರಲಿ, ಅದರ ಗುಣವನ್ನು ಹಿಡಿದ ಮೊಕದ್ದಮೆಗಳಿಂದಲೂ ಬಂದ ಕಂದಾಯದಿಂದಲೂ ಅಳೆಯಬಾರದು. ಮನೆಯ ವ್ಯಸನ ಎಷ್ಟು ಇಳಿಯಿತೆಂದು ಅಳೆಯಬೇಕು. ಕೂಲಿ ಮನೆ ಮುಟ್ಟಿತೇ? ಹೊಡೆತ ನಿಂತಿತೇ? ಬಿಡುತ್ತೇನೆಂದವನ ಬಳಿ ಮೂರನೆಯ ದಿನ ವೈದ್ಯನಿದ್ದನೇ? ಹಲವು ವರ್ಷ ನಿತ್ಯ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದೆಂಬುದು ವೈದ್ಯರಿಗೆಲ್ಲ ಗೊತ್ತಿದ್ದ ಸಂಗತಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಂಥಲ್ಲಿ ಅದಕ್ಕೆ ಉಪಚಾರವಿದೆ. ಆದರೆ ಹುನ್ನೂರಿನಂಥ ಊರಿನ ಕೂಲಿಯವನಿಗೆ ಧಾರವಾಡ ದೂರ, ಸೆರೆಯಂಗಡಿ ಹತ್ತಿರ. ಆ ಉಪಚಾರ ತಾಲೂಕಿನ ಆಸ್ಪತ್ರೆಗೆ, ಅಲ್ಲಿಂದ ಹಳ್ಳಿಯ ದವಾಖಾನೆಗೆ ಇಳಿದು ಬರಬೇಕು. ಕುಡಿದು ಬಂದವನನ್ನು ಅಲ್ಲಿ ಬಯ್ಯದೆ ಕೂರಿಸಬೇಕು.

ಆ ತಾಯಿಯ ಕೃತ್ಯ ತಪ್ಪೋ ಸರಿಯೋ ಎಂಬ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಅವನನ್ನು ವೈದ್ಯನ ಬಳಿಗೆ ಒಯ್ಯಬೇಕಾಗಿತ್ತು. ವೈದ್ಯನಿಲ್ಲದ ಆ ರಾತ್ರಿ ಅವಳು ಗಂಡನ ಜೀವ ಉಳಿಸಲು ತನಗೆ ತಿಳಿದದ್ದನ್ನು ಮಾಡಿದಳು, ತಪ್ಪು ಅವಳದಲ್ಲ. ಇದನ್ನು ಆ ಹುಡುಗನಿಗೆ ಹೇಳೋಣವೆಂದರೆ ಅವನು ಆ ವರ್ಷವೇ ಓದು ಬಿಟ್ಟು ದುಡಿಯಲು ಹೋದನೆಂದು ತಿಳಿಯಿತು. ಅವನ ಹಾಳೆ ನನ್ನ ಬಳಿ ಇಲ್ಲ. ಇದ್ದಿದ್ದರೆ 'ವಿಷಯಾಂತರ' ಎಂಬುದನ್ನು ಹೊಡೆದುಹಾಕಿ 'ವಿಷಯ' ಎಂದು ಬರೆಯುತ್ತಿದ್ದೆ.