ಸರಾಸರಿಯ ತಾಲೂಕು: ನಂಜುಂಡಪ್ಪ ವರದಿಯ ಒಂದು ವಿಮರ್ಶಾತ್ಮಕ ಓದು

ಬಡತನವನ್ನು ಕುರಿತ ನಮ್ಮ ಸ್ನಾತಕೋತ್ತರ ಪ್ರಬಂಧಗಳಲ್ಲಿ ಗುಸ್ಟಾವೊ ಗುಟೆರೆಸ್ ಇರುತ್ತಾರೆ, ಅಮರ್ತ್ಯ ಸೇನ್ ಇರುತ್ತಾರೆ. ನಮ್ಮದೇ ನಾಡಿನ ಅಸಮಾನತೆಯನ್ನು ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಮಾತ್ರ ಅಲ್ಲಿ ವಿರಳ. 2002ರಲ್ಲಿ ಸರ್ಕಾರಕ್ಕೆ ಸಲ್ಲಿಕೆಯಾದ ಈ ಗ್ರಂಥವು 35 ಸೂಚಕಗಳನ್ನು ಹಿಡಿದು 175 ತಾಲೂಕುಗಳನ್ನು ತೂಗಿತು. 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ನಿರ್ಣಯಿಸಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ವೇದಿಕೆಯ ಭಾಷಣಕ್ಕೆ ವಸ್ತುವಾಗಿದ್ದ ಅನ್ಯಾಯವನ್ನು ಲೆಕ್ಕಕ್ಕೆ ತಂದದ್ದು ಅದರ ನಿಜವಾದ ಹಿರಿಮೆ. ಪ್ರವಾದಿ ಆಮೋಸನೂ ಸುಳ್ಳು ತಕ್ಕಡಿಯ ಮಾತೆತ್ತಿದವನೇ. ಆದುದರಿಂದ ತಕ್ಕಡಿಯನ್ನೇ ಪರೀಕ್ಷಿಸುವುದು ದೈವಶಾಸ್ತ್ರಕ್ಕೆ ಹೊರಗಿನ ಕೆಲಸವಲ್ಲ.

ವರದಿಯ ಘಟಕ ತಾಲೂಕು. ತೊಡಕು ಅಲ್ಲಿಂದಲೇ ಆರಂಭವಾಗುತ್ತದೆ. ಭಟ್ಕಳದಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಎದ್ದ ಮನೆಗಳೂ ಘಟ್ಟದ ಬುಡದ ಗೊಂಡರ ಕೇರಿಗಳೂ ಒಂದೇ ಸರಾಸರಿಯೊಳಗೆ ಕರಗುತ್ತವೆ. ಕುಮಟೆಯ ಅಘನಾಶಿನಿ ಅಳಿವೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ, ಇಳಿತದ ಹೊತ್ತಿನಲ್ಲಿ ಸ್ತ್ರೀಪುರುಷರು ಇಳಿದು ಬಳಚು ಆಯುವ ಕೆಸರು, ಇವು ಬಡವರ ಅಡುಗೆಮನೆಯನ್ನು ಕಾಯ್ದಿವೆ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಮನ್ನಣೆ ದೊರಕಿತು. ಆದರೆ ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಹಣಕಾಸು, ಸಮಾಜಸೇವೆ ಎಂಬ ವಿಭಾಗಗಳಲ್ಲಿ ಒಡೆಯನಿಲ್ಲದ ಈ ಕೆಸರಿಗೆ ಸ್ಥಳವಿಲ್ಲ. ಅಳಿವೆ ಮುಚ್ಚಿ ಕಾರ್ಖಾನೆ ಬಂದರೆ ಸೂಚ್ಯಂಕ ಏರಲೂಬಹುದು!

ಹೊನ್ನಾವರದ ಕಾಸರಕೋಡಿನಲ್ಲಿ ಇದು ಊಹೆಯಾಗಿ ಉಳಿದಿಲ್ಲ. 2020ರಲ್ಲಿ ನೀಲಿ ಧ್ವಜದ ಗೌರವ ಪಡೆದ ಕಡಲತೀರ ಅಲ್ಲಿದೆ. ಅದೇ ಊರಿನ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಬಂದರಿನ ರಸ್ತೆ ಅಂಕಿಯಾಗುತ್ತದೆ. ಹೆಂಗಸರು ಮೀನು ಒಣಗಿಸುವ ಮರಳು ಅಂಕಿಯಾಗುವುದಿಲ್ಲ.

ಸಮಿತಿಗೆ ವಹಿಸಿದ್ದು ಪ್ರದೇಶಗಳ ನಡುವಣ ಅಂತರವೇ ಹೊರತು ತಾಲೂಕಿನೊಳಗಿನ ಅಂತರವಲ್ಲ ಎಂಬ ಸಮರ್ಥನೆ ನ್ಯಾಯವಾದುದು. ಆದರೂ ಬಡವರು ಯಾರೆಂದು ತಿಳಿಯಲು ಆ ಪಟ್ಟಿಯನ್ನೇ ನೆಚ್ಚುವವರು ರೂತಳ ಕಥೆಯನ್ನು ಮತ್ತೊಮ್ಮೆ ಓದಬೇಕು. ಹಕ್ಕಲಾಯ್ದು ಸಂಜೆಗೆ ಒಂದು ಏಫಾ ಜವೆಗೋದಿ ಬಡಿದವಳಿಗೆ ಹೊಲವೂ ಇಲ್ಲ, ಕೂಲಿಯೂ ಇಲ್ಲ. ಅವಳ ಬದುಕು ನಿಂತಿದ್ದು ಬೇರೆಯವರ ಹೊಲಕ್ಕೆ ಇಳಿಯುವ ಹಕ್ಕಿನ ಮೇಲೆ. ಯಾಜಕಕಾಂಡದ 19ನೆಯ ಅಧ್ಯಾಯ ರಕ್ಷಿಸುವುದು ಆ ಹಕ್ಕನ್ನೇ.

ಜಾಗತಿಕ ಅಳತೆಗಳೂ ಈ ದೋಷದಿಂದ ಪಾರಾಗಿಲ್ಲ. 2010ರ ಬಹು ಆಯಾಮದ ಬಡತನ ಸೂಚ್ಯಂಕ ಆದಾಯವನ್ನು ದಾಟಿ ಹತ್ತು ಸೂಚಕಗಳಿಗೆ ಹೋಯಿತು. ಆದರೂ ಅದು ನೋಡುವುದು ಮನೆಯೊಳಗನ್ನು, ಮನೆಯಾಚೆಯ ಸಾಮೂಹಿಕ ನೀರನ್ನಲ್ಲ. 1971ರಲ್ಲೇ ‘ಅಭಿವೃದ್ಧಿ’ ಎಂಬ ಪದವನ್ನು ಶಂಕಿಸಿದ ಗುಟೆರೆಸರನ್ನು ಉದ್ಧರಿಸಿದ ಮಾತ್ರಕ್ಕೆ ನಮ್ಮ ಪ್ರಬಂಧಗಳು ಅಳಿವೆಗೆ ಇಳಿದಂತಾಗುವುದೂ ಇಲ್ಲ.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿಯನ್ನು ರಚಿಸಿತು. ಅದರ ಕೋಷ್ಟಕಗಳಲ್ಲಿ ತಾಲೂಕಿಗಿಂತ ಕಿರಿದಾದ ಘಟಕವಿದೆಯೆ, ಸಾಮೂಹಿಕ ನೀರು-ನೆಲದ ಬಳಕೆಗೆ ಒಂದು ಅಂಕಣವಾದರೂ ಇದೆಯೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮೊದಲು ಪರಿಶೀಲಿಸಲಿ.